ಕೆರೆ ಬಳಸುವ ವಿಧಾನ: ಬಯಲುಸೀಮೆ ಮಾದರಿ

ನಿಮ್ಮ ಊರಿಗೆ ಕೆರೆಯೊಂದು ದೊರೆತಿರುವುದಕ್ಕೆ ಅಭಿನಂದನೆಗಳು. ಕಡೂರು, ತರೀಕೆರೆ, ಅಜ್ಜಂಪುರ ತಾಲ್ಲೂಕುಗಳಲ್ಲಿ ಭಾನುವಾರ ಬೆಳಿಗ್ಗೆ ಸಲಿಕೆ ಹಿಡಿದು ಹೊರಡುವ ಸ್ವಯಂಸೇವಕರಿಗಾಗಿ ಈ ಕೈಪಿಡಿ. ಬಳಸುವ ಮುನ್ನ ಪೂರ್ತಿ ಓದಿ. ಓದುವಷ್ಟು ಪುರುಸೊತ್ತಿಲ್ಲದವರು ನೇರವಾಗಿ ವೇದಿಕೆಯ ಮೇಲೆ ಕೂರಬಹುದು.

ಕಡಲತೀರ ಸ್ವಚ್ಛ ಮಾಡುವ ಆಸೆಯಿದ್ದವರೂ ನಿರಾಶರಾಗಬೇಕಿಲ್ಲ. ಬಾಬಾಬುಡನ್‌ಗಿರಿಯ ಮಗ್ಗುಲಲ್ಲಿ ಹುಟ್ಟುವ ವೇದಾ, ಆವತಿ ಎರಡೂ ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ. ಅದೇ ಮುಂದೆ ಹಗರಿಯಾಗಿ ತುಂಗಭದ್ರೆ ಸೇರಿ, ಕೃಷ್ಣೆಯ ಜೊತೆ ಬಂಗಾಳಕೊಲ್ಲಿಗೆ ಹೋಗುತ್ತದೆ. ಕಡೂರು ಬಸ್ ನಿಲ್ದಾಣದಲ್ಲಿ ಎಸೆದ ಗುಟ್ಕಾ ಚೀಟಿಗೂ ಸಮುದ್ರ ಕಾಣುವ ಯೋಗ ಇದ್ದೇ ಇದೆ. ಆದರೆ ದಾರಿಯಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಅಡ್ಡ ಕೂತಿದೆ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟೆ ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಎರಡನೆಯ ಸಲ 2022ರಲ್ಲಿ. ಚೀಟಿ 89 ವರ್ಷ ಕಾದರೂ ಕಾಯಬೇಕು. ಅದಕ್ಕಿಂತ ಬಸ್ ನಿಲ್ದಾಣದಲ್ಲೇ ಬಗ್ಗಿ ಆಯುವುದು ಸುಲಭ.

ಬಿಡಿಭಾಗಗಳು: ಏರಿ, ತೂಬು, ಕೋಡಿ, ಅಂಗಳ, ಅಚ್ಚುಕಟ್ಟು, ಪೂರಕ ಕಾಲುವೆ. ಎಣಿಸಿ ನೋಡಿದಾಗ ಕೊನೆಯದು ಸಿಗದಿದ್ದರೆ ತಯಾರಕರನ್ನು ದೂರಬೇಡಿ. ಅವರು ಹೊಯ್ಸಳರ ಕಾಲದಲ್ಲೋ ಪಾಳೆಗಾರರ ಕಾಲದಲ್ಲೋ ಎಲ್ಲವನ್ನೂ ಸರಿಯಾಗಿಯೇ ಜೋಡಿಸಿ ಕೊಟ್ಟಿದ್ದರು. ಕಾಲುವೆ ಈಗ ಯಾರದೋ ಅಡಿಕೆ ತೋಟದ ಬದುವಾಗಿದೆ, ಇನ್ಯಾರದೋ ಮನೆಗೆ ಹೋಗುವ ಟ್ರ್ಯಾಕ್ಟರ್ ದಾರಿಯಾಗಿದೆ. ಆ 'ಯಾರೋ' ನಿಮ್ಮ ಕೆರೆ ಸಮಿತಿಯ ಸದಸ್ಯರಾಗಿರುವ ಸಾಧ್ಯತೆ ಇದೆ. ಅಧ್ಯಕ್ಷರೇ ಆಗಿದ್ದರೆ ಮುಂದಿನ ಪುಟಗಳನ್ನು ಅವರ ಎದುರು ಗಟ್ಟಿಯಾಗಿ ಓದಬೇಡಿ.

ಚಾಲನೆ: ಬ್ಯಾನರ್ ಕಟ್ಟಿ. ಗಣ್ಯರು ಬರುವವರೆಗೆ ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸಬೇಡಿ. ಅವರಿಗೆ ಬೇರೆ ಕೆಲಸವಿದೆ. ಮೇಷ್ಟ್ರನ್ನೂ ಏಳನೇ ತರಗತಿಯವರನ್ನೂ ಕೆರೆಗೆ ಬೆನ್ನು ಮಾಡಿಸಿ, ನೀರು ಬರುವ ದಿಕ್ಕಿಗೆ ನಡೆಸಿ. ಹಳ್ಳ ಎಲ್ಲಿ ಮುಚ್ಚಿದೆ, ಎಲ್ಲಿ ಜಾಲಿ ಬೆಳೆದಿದೆ, ಎಲ್ಲಿ ರಸ್ತೆಯ ಮೋರಿ ಕಾಲುವೆಗಿಂತ ಎತ್ತರದಲ್ಲಿದೆ ಎಂದು ಅವರು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ಬರುವ ನಕ್ಷೆ, ಏರಿಯ ಮೇಲಿನ ನಾಲ್ಕು ಭಾಷಣಕ್ಕಿಂತ ಬೆಲೆಬಾಳುತ್ತದೆ. ಒಂದೇ ತೊಂದರೆ: ಮಕ್ಕಳು ಒತ್ತುವರಿಯನ್ನೂ ಬರೆದುಕೊಳ್ಳುತ್ತಾರೆ, ತಮ್ಮ ಅಪ್ಪನದನ್ನೂ ಬಿಡುವುದಿಲ್ಲ.

ಹೂಳು ತೆಗೆಯುವಾಗ ಜೆಸಿಬಿಯವನಿಗೆ ಏರಿಯ ಬುಡದ ಹತ್ತಿರ ಬಕೆಟ್ ಇಳಿಸಲು ಬಿಡಬೇಡಿ. ಅಲ್ಲಿ ಆಳ ತೋಡಿದರೆ ಏರಿ ಜರಿಯುತ್ತದೆ. ಗೋಡುಮಣ್ಣು ತೆಂಗಿನ ತೋಟಕ್ಕೆ ಹೋಗಲಿ. ಬರದಲ್ಲಿ ತೆಂಗಿನ ಸುಳಿ ಒಣಗಿದ್ದನ್ನು ಕಡೂರಿನವರಿಗೆ ನೆನಪಿಸಬೇಕಾಗಿಲ್ಲ. ಇಟ್ಟಿಗೆ ಗೂಡಿನ ಲಾರಿ ಬಂದು ನಿಂತರೆ ಮಾತ್ರ, ಆ ದಿನದ ಸೇವೆ ಯಾರಿಗೆ ಸಲ್ಲುತ್ತಿದೆ ಎಂದು ವಿಚಾರಿಸಿ.

ಎಚ್ಚರಿಕೆ! ಸಸಿ ನೆಡುವ ಚಟ ಇರುವವರು ಅಮೃತ ಮಹಲ್ ಕಾವಲುಗಳಿಂದ ದೂರವಿರಿ. ಅಜ್ಜಂಪುರದ ಹಳೆಯ ತಳಿ ಕೇಂದ್ರದ ದನಗಳಿಗೂ, ಕಡೂರು ತಾಲ್ಲೂಕಿನ ಬಾಸೂರು ಕಾವಲಿನ ಕೃಷ್ಣಮೃಗಗಳಿಗೂ ಬೇಕಿರುವುದು ಹುಲ್ಲು. ಮಳೆನೀರಿಗೂ ಅಷ್ಟೇ: ಹುಲ್ಲಿನ ಬೇರು ಮಣ್ಣು ಕೊಚ್ಚದಂತೆ ಹಿಡಿದು ನೀರನ್ನು ಇಂಗಿಸುತ್ತದೆ. ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಎಂದು ಘೋಷಿಸಿದ್ದೂ ಅದು ಹುಲ್ಲುಗಾವಲು ಎಂಬ ಕಾರಣಕ್ಕೆ. ಅದನ್ನು ಬಂಜರು ಎಂದು ತಿಳಿದು ಪರಿಸರ ದಿನದಂದು ಗುಂಡಿ ತೋಡುವ ಉತ್ಸಾಹಿಗಳನ್ನು ಕಂಡರೆ ನನಗೆ ಜೆಸಿಬಿಗಿಂತ ಹೆಚ್ಚು ಭಯ.

ಲೆಕ್ಕ ಹಾಕುವುದು: ಒಂದು ಎಕರೆಯ ಮೇಲೆ 1 ಮಿ.ಮೀ. ಮಳೆ ಬಿದ್ದರೆ ಸುಮಾರು 4,000 ಲೀಟರ್ ನೀರು. ವರ್ಷದಲ್ಲಿ 600 ಮಿ.ಮೀ. ಬಿದ್ದರೆ ಎಕರೆಗೆ 24 ಲಕ್ಷ ಲೀಟರ್, ಅಂದರೆ 6,000 ಲೀಟರಿನ 400 ಟ್ಯಾಂಕರ್. ಇಷ್ಟನ್ನು ಹಳ್ಳಕ್ಕೆ ಬಿಟ್ಟು, ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡುವುದು ನಮ್ಮ ಪದ್ಧತಿ. 2019ರ ಡಿಸೆಂಬರಿನಲ್ಲಿ ಶುರುವಾದ ಅಟಲ್ ಭೂಜಲ ಯೋಜನೆ ಗ್ರಾಮ ಪಂಚಾಯಿತಿಗಳಿಗೆ ನೀರಿನ ಬಜೆಟ್ ಬರೆಯಲು ಹೇಳಿಕೊಟ್ಟಿತು. ಬಂದದ್ದು ಎಷ್ಟು, ಮೇಲೆತ್ತಿದ್ದು ಎಷ್ಟು. ಬಜೆಟ್ ಓದುವ ಗ್ರಾಮಸಭೆಗೆ, ಅಂಗೈಯಲ್ಲಿ ತೆಂಗಿನಕಾಯಿ ನಿಲ್ಲಿಸಿಕೊಂಡು ಬೋರ್ ಪಾಯಿಂಟ್ ತೋರಿಸುವವರನ್ನೂ ಕರೆಯಿರಿ. ಖರ್ಚಿನ ಬಾಬತ್ತಿನಲ್ಲಿ ಅವರದು ದೊಡ್ಡ ಪಾಲು.

ಹೊರಗಿನ ಸಂಪರ್ಕ: ಭದ್ರಾ ಮೇಲ್ದಂಡೆ ಯೋಜನೆಯ ನೀರು ತರೀಕೆರೆ ಸೀಮೆಯಿಂದ ಮೇಲಕ್ಕೆ ಹತ್ತಿ, ಅಜ್ಜಂಪುರದ ಬಳಿ ಸುಮಾರು 7 ಕಿ.ಮೀ. ಸುರಂಗ ನುಸುಳಿ ಚಿತ್ರದುರ್ಗದ ಕಡೆ ಹೋಗುತ್ತದೆ. ಕೇಂದ್ರ 2023ರ ಬಜೆಟ್ಟಿನಲ್ಲಿ ಇದಕ್ಕೆ 5,300 ಕೋಟಿ ರೂಪಾಯಿ ಘೋಷಿಸಿತು. ನಾಲ್ಕು ಜಿಲ್ಲೆಗಳ 367 ಕೆರೆಗಳನ್ನು ಇದರಿಂದ ತುಂಬಿಸುವ ಲೆಕ್ಕವೂ ಇದೆ, ಆದರೆ ಅರ್ಧದಷ್ಟು ಮಾತ್ರ. ಕೊಳವೆಯಲ್ಲಿ ನೀರು ಬರುತ್ತದಲ್ಲ ಎಂದು ಕಾಲುವೆಯ ಜಾಲಿ ಕಡಿಯದೆ ಬಿಟ್ಟವರು ಉಳಿದರ್ಧವನ್ನು ಯಾರಿಂದ ಕೇಳುತ್ತಾರೆ ಎಂಬುದು ಯೋಜನಾ ವರದಿಯ ವ್ಯಾಪ್ತಿಯಲ್ಲಿ ಬರುವುದಿಲ್ಲ.

ವಾರಂಟಿ: ಸಖರಾಯಪಟ್ಟಣದ ಅಯ್ಯನಕೆರೆಗೆ ಆಜೀವ ವಾರಂಟಿ ಇದೆ ಎಂದು ಹಿಂದಿನವರ ನಂಬಿಕೆ. ಏರಿ ಒಡೆಯುತ್ತದೆ ಎಂದು ಗಂಗಮ್ಮ ನೀರಗಂಟಿಗೆ ಮುನ್ಸೂಚನೆ ಕೊಟ್ಟಳಂತೆ. ದೊರೆಗೆ ತಿಳಿಸಿ ಬರುತ್ತೇನೆ, ಅಲ್ಲಿಯವರೆಗೆ ತಡೆ ತಾಯಿ ಎಂದು ಅವನು ಬೇಡಿಕೊಂಡನಂತೆ. ಅವನು ಹಿಂತಿರುಗದಿದ್ದರೆ ಕೆರೆ ಎಂದೂ ಒಡೆಯುವುದಿಲ್ಲ ಎಂದು ದೊರೆ ಅವನ ತಲೆಯನ್ನೇ ತೆಗೆಸಿದನಂತೆ. ನಮ್ಮ ಕಾಲದಲ್ಲಿ ಅಷ್ಟು ಕ್ರೌರ್ಯ ಬೇಕಾಗಲಿಲ್ಲ. ನೀರಗಂಟಿ ಮುದುಕನಾದ, ಅವನ ಮಗ ಬೆಂಗಳೂರಿಗೆ ಹೋದ, ತೂಬಿನ ಗೂಟ ಎತ್ತುವ ಕೈ ಇಲ್ಲವಾಯಿತು. ಈ ವಾರಂಟಿ ನಿಮ್ಮ ಕೆರೆಗೆ ಅನ್ವಯಿಸುವುದಿಲ್ಲ, ಸರ್ಕಾರದ ಐದು ಗ್ಯಾರಂಟಿಗಳಲ್ಲೂ ಸೇರಿಲ್ಲ. ಊರಿನವರು ಚಂದಾ ಎತ್ತಿ ಒಬ್ಬ ನೀರಗಂಟಿಯನ್ನು ಇಟ್ಟುಕೊಂಡರೆ ಮಾತ್ರ ವರ್ಷವರ್ಷ ನವೀಕರಿಸಬಹುದು. ಗಣಪತಿ ಚಂದಾ ಎತ್ತುವ ಹುಡುಗರಿಗೇ ಈ ಕೆಲಸ ಒಪ್ಪಿಸಿ, ಅವರಿಗೆ ಯಾವ ಮನೆಯೂ ಇಲ್ಲ ಎನ್ನುವುದಿಲ್ಲ.

ಕೆರೆ ತುಂಬಿದರೆ: ಬಾಗಿನ ಬಿಡಿ. ಮೊರ ಬಿದಿರಿನದಾಗಿರಲಿ, ಬಳೆಯ ಮೇಲಿನ ಪ್ಲಾಸ್ಟಿಕ್ ಕವರು ಮನೆಯಲ್ಲೇ ಉಳಿಯಲಿ.

ಕೆರೆ ತುಂಬದಿದ್ದರೆ: ಮಳೆ ಬಿದ್ದಿದೆಯೇ ನೋಡಿ. ಬಿದ್ದೂ ತುಂಬದಿದ್ದರೆ ಮಕ್ಕಳ ನಕ್ಷೆ ಬಿಚ್ಚಿ. ಕಾಲುವೆ ತಮ್ಮ ಸರ್ವೆ ನಂಬರಿನಲ್ಲಿದೆ ಎಂದು ತೋಟದವರು ವಾದಿಸಿದರೆ ಜಗಳಕ್ಕೆ ನಿಲ್ಲದೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು, ಅಳತೆಗೆ ದಿನ ಕೇಳಿ. ಆ ದಿನ ಬರುವುದರೊಳಗೆ ತೋಟದ ಮೇಲ್ಭಾಗದ ಕಾಲುವೆಯನ್ನೆಲ್ಲ ಗುಂಪಾಗಿ ಸವರಿ ಚೊಕ್ಕ ಮಾಡಿಡಿ. ಮುಂದಿನ ದೊಡ್ಡ ಮಳೆಗೆ ನೀರು ನೇರ ಅವರ ತೋಟಕ್ಕೇ ನುಗ್ಗುತ್ತದೆ. ಕಾಲುವೆ ಎಲ್ಲಿತ್ತು ಎಂಬುದನ್ನು ಮರುದಿನ ಅವರೇ ಬಂದು ತೋರಿಸುತ್ತಾರೆ.