ಬ್ಯೋಮಕೇಶ ಬಕ್ಷಿಯವರಿಗೊಂದು ತಕರಾರು ಅರ್ಜಿ

ಸತ್ಯಾನ್ವೇಷಿ ಬ್ಯೋಮಕೇಶ ಬಕ್ಷಿಯವರಿಗೆ ನಮಸ್ಕಾರ.

ಪತ್ತೇದಾರ ಎಂದರೆ ತಮಗಾಗದು, ಆದ್ದರಿಂದ ಆ ಮಾತು ಎತ್ತುವುದಿಲ್ಲ. ಆದರೂ ತಮ್ಮ ಕೆಲಸದ ಬಗ್ಗೆ ನನ್ನದೊಂದು ತಕರಾರಿದೆ. ತಮ್ಮನ್ನು ಸೃಷ್ಟಿಸಿದ ಬಂಗಾಳಿ ಲೇಖಕ ಶರದಿಂದು ಬಂದ್ಯೋಪಾಧ್ಯಾಯರು 1932ರಿಂದ, ನಡುವೆ ಸುಮಾರು ಹದಿನೈದು ವರ್ಷ ರಜೆ ಕೊಟ್ಟು, ಮೂವತ್ತಕ್ಕೂ ಹೆಚ್ಚು ಪ್ರಕರಣಗಳನ್ನು ತಮಗೆ ಒಪ್ಪಿಸಿದರು. ಪ್ರತಿ ಸಲವೂ ತಾವು ಬೆರಳು ತೋರಿಸಿದ್ದು ಯಾರೋ ಒಬ್ಬ ನರಮನುಷ್ಯನ ಕಡೆಗೆ. ಅಸಲಿ ಆರೋಪಿ ಕಲ್ಕತ್ತಾವನ್ನು ಒಮ್ಮೆಯೂ ಕಟಕಟೆ ಹತ್ತಿಸಲಿಲ್ಲ.

‘ಪಥೇರ್ ಕಾಂಟಾ’ ಪ್ರಕರಣವನ್ನೇ ನೋಡಿ. (ಓದದವರು ಈ ಪ್ಯಾರಾ ಹಾರಿಸಿಬಿಡಲಿ.) ರಸ್ತೆ ದಾಟುತ್ತಿದ್ದವರು ಎದೆಗೆ ಗ್ರಾಮಫೋನ್ ಪಿನ್ನು ನೆಟ್ಟು ಸಾಯುತ್ತಾರೆ, ಗುಂಡಿನ ಸದ್ದು ಯಾರಿಗೂ ಕೇಳಿಸಿಲ್ಲ. ಕೇಳಿಸಿದ್ದು ಬರೀ ಸೈಕಲ್ ಬೆಲ್ಲು! ಆ ಜನಜಂಗುಳಿಯಲ್ಲಿ ಬೆಲ್ಲಿಗೆ ತಿರುಗಿ ನೋಡುವವರಾರು? ಇದೇ ಕೊಲೆ ನಮ್ಮ ಕಡೆಯ ಹಳ್ಳಿಯಲ್ಲಿ ನಡೆದಿದ್ದರೆ, ಬೆಲ್ಲು ಹೊಡೆದವನು ಯಾರ ಮಗ ಎಂದು ಅಂಗಡಿ ಕಟ್ಟೆಯೇ ಹೇಳಿಬಿಡುತ್ತಿತ್ತು. ಕೊಲೆಗಾರನ ನೆರವು ಬೇಕಾದವರು ಶನಿವಾರ ಸಂಜೆ ವೈಟ್‌ವೇ ಲೇಡ್ಲಾ ಅಂಗಡಿಯ ಮೂಲೆಯ ದೀಪದ ಕಂಬಕ್ಕೆ ಒರಗಿ ನಿಲ್ಲಬೇಕಂತೆ. ಆ ಕಂಬ ನೆಟ್ಟವರು ಯಾರೆಂದು ತಾವು ವಿಚಾರಿಸಿದಿರಾ?

‘ಸತ್ಯಾನ್ವೇಷಿ’ಯಲ್ಲಿ, ಪಕ್ಕದ ಕೋಣೆಯವನ ಪೂರ್ವೋತ್ತರ ಯಾರೂ ಕೇಳದ ಮೆಸ್ಸನ್ನು ಈ ಊರು ಒದಗಿಸಿತು. ‘ಆದಿಮ ರಿಪು’ವಿನಲ್ಲಂತೂ, 1946ರ ಗಲಭೆಯ ಬಿಸಿ ಆರುವ ಮುನ್ನವೇ, ಗುಂಡಿನ ಸದ್ದು ಮುಚ್ಚಲು ಕಾಳಿಪೂಜೆಯ ಪಟಾಕಿ ಸಿಡಿಸಿ ಕೊಟ್ಟಿತು. ಇಷ್ಟು ಸಾಕ್ಷ್ಯ ಸಾಲದೆ?

ಪಕ್ಷಪಾತ ತಮಗೆ ಹೊಸತಲ್ಲ ಬಿಡಿ. ‘ಅರ್ಥಮನರ್ಥಂ’ನಲ್ಲಿ ಆರೋಪ ಹೊತ್ತವನ ತಂಗಿ ಸತ್ಯವತಿಯನ್ನೇ ಮದುವೆಯಾದವರು ತಾವು. ಊರಿನ ಜೊತೆಗೂ ಅಂಥದೇ ನೆಂಟಸ್ತನ. ಕೊನೆಗೆ ಇದೇ ಊರಿನ ಕೆಯಾತಲಾದಲ್ಲಿ ಮನೆಯನ್ನೂ ಕಟ್ಟಿಸಿದಿರಿ.

ನಾನಾದರೂ ಸಾಕ್ಷಿ ಹೇಳೋಣವೆಂದರೆ ನನ್ನನ್ನೂ ಕೆಡಿಸಿಟ್ಟಿದ್ದೀರಿ. 1993ರಲ್ಲಿ ಬಾಸು ಚಟರ್ಜಿಯವರು ದೂರದರ್ಶನಕ್ಕೆ ತಂದ ರಜಿತ್ ಕಪೂರರ ಬ್ಯೋಮಕೇಶನನ್ನು ನೋಡಿದಾಗಿನಿಂದ, ಕೊಂದವರು ಯಾರೆಂಬುದು ಕಥೆ ಮುಗಿದ ವಾರಕ್ಕೇ ಮರೆತುಹೋಗುತ್ತದೆ. ತಮ್ಮ ಮನೆಯಾಳು ಪುಂಟಿರಾಮನ ಚಹಾ, ಗೆಳೆಯ ಅಜಿತನ ಹರಟೆ, ಹ್ಯಾರಿಸನ್ ರೋಡಿನ ತಮ್ಮ ಆ ಮನೆ ಮಾತ್ರ ಮರೆಯುವುದಿಲ್ಲ. ಕಾಣದ ಊರಿನ ಪರ ವಕಾಲತ್ತು ಹಾಕುವ ಗತಿ ಬಂದಿದೆ!

ದಯವಿಟ್ಟು ಬೇಗ ಕ್ರಮ ಕೈಗೊಳ್ಳಿ. ಹ್ಯಾರಿಸನ್ ರೋಡು ಈಗ ಮಹಾತ್ಮ ಗಾಂಧಿ ರಸ್ತೆ ಎಂಬ ಹೆಸರಿನಲ್ಲಿದೆ. ಆರೋಪಿಯೂ 2001ರಿಂದ ಕೋಲ್ಕತಾ ಎಂದು ಹೆಸರು ಬದಲಿಸಿಕೊಂಡು ಓಡಾಡುತ್ತಿದೆ. ಅತುಲಚಂದ್ರ ಮಿತ್ರ ಎಂದು ಸುಳ್ಳು ಹೆಸರು ಹೇಳಿ ಮೆಸ್ಸು ಸೇರಿದ್ದ ತಾವು ಇದನ್ನು ಆಕ್ಷೇಪಿಸುವಂತಿಲ್ಲ, ನಿಜ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಕನ್ನಡ ಓದುಗ