ಮಂಚದ ಕೆಳಗೆ ಎರಡು ಇಟ್ಟಿಗೆ: ಬಳಕೆದಾರರ ಕೈಪಿಡಿ

ಈ ಯಂತ್ರ ನಿಮಗೆ ಹುಟ್ಟಿನಿಂದಲೇ ಬಂದದ್ದು. ವಾರಂಟಿ ಕಾರ್ಡು ಹುಡುಕಬೇಡಿ. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳ, ಅದು ಜಠರ ಸೇರುವಲ್ಲಿ ಸ್ನಾಯುವಿನ ಒಂದು ಬಳೆ. ಕೆಳಗಿಳಿದದ್ದನ್ನು ಮೇಲೆ ಬಿಡದಿರುವುದು ಆ ಬಳೆಯ ಕೆಲಸ. ನನ್ನದು ಮದುವೆಮನೆ ಬಾಗಿಲಲ್ಲಿ ನಿಂತ ಹೆಣ್ಣಿನ ತಂದೆಯಂತೆ, ಬಂದವರಿಗೂ ಹೋದವರಿಗೂ ಕೈಮುಗಿಯುತ್ತದೆ.

ದೋಷದ ಲಕ್ಷಣ: ರಾತ್ರಿ ಎರಡೂವರೆಗೆ ಗಕ್ಕನೆ ಎದ್ದು ಕೂರುವುದು. ಗಂಟಲಲ್ಲಿ ಹುಳಿ, ಮೇಲಿಂದ ಮೇಲೆ ಕೆಮ್ಮು, ಎಳೆದರೂ ಒಳಗೆ ಹೋಗದ ಉಸಿರು. "ಗ್ಯಾಸ್ಟ್ರಿಕ್ಕು ಕಣ್ರೀ, ಸೋಡಾ ಕುಡೀರಿ" ಎಂದು ಪಕ್ಕದಿಂದ ಸಲಹೆ ಬರುತ್ತದೆ. ಕುಡಿಯಬೇಡಿ, ಗಾಳಿ ಹೊಟ್ಟೆ ಉಬ್ಬಿಸಿ ಆ ಬಡಪಾಯಿ ಬಳೆಯನ್ನೇ ತಳ್ಳುತ್ತದೆ. ನಾನು ನನ್ನ ಆಸ್ತಮಾಕ್ಕೆ ವರ್ಷಗಟ್ಟಲೆ ಧೂಳನ್ನು ಬೈದೆ, ಎರಡು ಕಂಬಳಿ ಬದಲಿಸಿದೆ. ಬೆಂಕಿ ಕೆಳಮನೆಯಲ್ಲಿ, ಹೊಗೆ ಮಹಡಿಯಲ್ಲಿ! ಬಳೆ ದಾಟಿ ಮೇಲೆ ಬಂದ ಜಠರದ ಆಮ್ಲದ ಹನಿ ಗಾಳಿಕೊಳವೆಗೇ ಜಾರಬಹುದು. ಜಾರದಿದ್ದರೂ, ಅನ್ನನಾಳಕ್ಕೆ ತಾಗಿದ ಉರಿಯ ಸುದ್ದಿಯನ್ನು ನರವೊಂದು ಶ್ವಾಸನಾಳಕ್ಕೆ ಮುಟ್ಟಿಸಿ ಅದು ಮುದುಡುವಂತೆ ಮಾಡುತ್ತದೆ. ಎದೆಯುರಿಯೇ ಇಲ್ಲದೆ ಇದೆಲ್ಲ ನಡೆಯುವುದೂ ಉಂಟು.

ಜೋಡಣೆ: ಮಂಚದ ತಲೆದೆಸೆಯ ಕಾಲುಗಳಡಿ ಇಟ್ಟಿಗೆ ಇಟ್ಟು 15ರಿಂದ 20 ಸೆಂಟಿಮೀಟರ್ ಎತ್ತರಿಸಿ. ದಿಂಬು ಪೇರಿಸಿದರೆ ಸಾಲದು. ನಡು ಮಡಚಿ ಹೊಟ್ಟೆ ಅಮುಕುತ್ತದೆ. ಬೆಳಿಗ್ಗೆ ಹೆಂಡತಿ ಕಾಲ್ದೆಸೆಯಲ್ಲಿ ಸಿಕ್ಕರೆ ಗಾಬರಿ ಬೇಡ, ಜಾರಿದ್ದಾಳೆ ಅಷ್ಟೆ. ಎಡಮಗ್ಗುಲಿಗೆ ಮಲಗಿ; ಆಗ ಜಠರದ ಚೀಲ ಅದರ ಬಾಯಿಗಿಂತ ಕೆಳಗುಳಿಯುತ್ತದೆ.

ಇಂಧನ: ಊಟಕ್ಕೂ ಮಲಗುವುದಕ್ಕೂ 3 ಗಂಟೆ ಅಂತರ. ಆರತಕ್ಷತೆಯಲ್ಲಿ ರಾತ್ರಿ ಹತ್ತಕ್ಕೆ "ಒಂದೇ ಒಂದು ಹೋಳಿಗೆ" ಎನ್ನುವ ಅತ್ತಿಗೆಗೆ ಏನು ಹೇಳಬೇಕೆಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಮಿರ್ಚಿ ಬಜ್ಜಿಯ ಮೇಲೆ ಅನುಮಾನ ನನಗೆ ಮೊದಲೇ ಇತ್ತು, ಕಾಫಿಯ ಮೇಲೆ ಬೇಕೆಂದೇ ಇರಲಿಲ್ಲ. ಆದರೆ ಜೀರ್ಣಕ್ಕೆಂದು ಊಟವಾದ ಮೇಲೆ ಚೀಪುತ್ತಿದ್ದ ಪೆಪ್ಪರ್‌ಮಿಂಟೂ ಆ ಬಳೆಯನ್ನು ಸಡಿಲಿಸುತ್ತದಂತೆ. ಇಂಥ ದ್ರೋಹ ನಿರೀಕ್ಷಿಸಿರಲಿಲ್ಲ. ಪ್ಯಾಂಟೊಪ್ರಜೋಲ್ ಬರೆದುಕೊಟ್ಟಿದ್ದರೆ ತಿಂಡಿಗೆ ಅರ್ಧ ಗಂಟೆ ಮೊದಲು ನುಂಗಿ, ಇಡ್ಲಿಯ ಜತೆಗಲ್ಲ. ಇಟ್ಟಿಗೆ ಬಂತೆಂದು ಇನ್‌ಹೇಲರ್ ಬಿಡಬೇಡಿ.

ಎಚ್ಚರಿಕೆ: ನುಂಗಿದ ಅನ್ನ ಎದೆಯಲ್ಲಿ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ ವೈದ್ಯರಲ್ಲಿಗೆ ಹೋಗಿ. ಎದೆನೋವು ತೋಳಿಗಿಳಿದು ಬೆವರಿದರೆ, ಮಾತಾಡಲಾಗದಷ್ಟು ಉಸಿರು ಕಟ್ಟಿದರೆ ಕೈಪಿಡಿ ಬಿಸಾಡಿ 108ಕ್ಕೆ ಫೋನ್ ಮಾಡಿ. ಇಟ್ಟಿಗೆ ಆಮೇಲೆ ಸರಿಮಾಡಿಕೊಳ್ಳಬಹುದು.