ಸೇವ್ ಇಲ್ಲದ ಆಟ

ಏನ್ರಿ ಮೇಷ್ಟ್ರೇ, ಬೆಳಗ್ಗೆ ಬೆಳಗ್ಗೆ ಮೊಮ್ಮಗನಿಗೆ ಜೋರು ಮಾಡ್ತಿದ್ರಿ? ನಮ್ಮನೆ ಅಡುಗೆಮನೆವರೆಗೂ ಕೇಳಿಸ್ತು. ಮೊಬೈಲಿನಲ್ಲಿ ಬಂದೂಕು ಹಿಡಿದು ಓಡಾಡ್ತಾನೆ ಅಂತ ತಾನೆ? ಆ ದಾಸವಾಳಕ್ಕೆ ಆಮೇಲೆ ನೀರು ಹಾಕಿದ್ರಾಯ್ತು, ಒಂದು ಗಳಿಗೆ ಕಾಂಪೌಂಡ್ ಹತ್ರ ಬರ್ರಿ. ಈ ವಿಷಯದಲ್ಲಿ ನಾನು ಹುಡುಗನ ಕಡೆಯವನು.

ಅವನು ಆಡೋದು ಬಿಜಿಎಂಐ. ಮೊದಲು ಪಬ್‌ಜಿ ಅಂತ ಇತ್ತಲ್ಲ, 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ನಿಲ್ಲಿಸಿತು. 2021ರ ಜುಲೈನಲ್ಲಿ ಕೊರಿಯಾದ ಕ್ರಾಫ್ಟನ್ ಕಂಪನಿ ಅದನ್ನೇ ಭಾರತಕ್ಕೆ ಅಂತ ಹೊಸ ಹೆಸರಲ್ಲಿ ತಂತು. ಮರುವರ್ಷ ಅದನ್ನೂ ತೆಗೆದರು, 2023ರಲ್ಲಿ ಮತ್ತೆ ಬಿಟ್ಟರು. ವಾಪಸ್ ಬಂದಾಗ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರೇ ಗಂಟೆ ಅನ್ನೋ ಕಟ್ಟುಪಾಡು ಹಾಕಿದ್ರು. ನೂರು ಜನ ಒಂದು ದ್ವೀಪಕ್ಕೆ ಹಾರಿ ಇಳೀತಾರೆ, ಕೊನೆಗೆ ಉಳಿದವನು ಗೆದ್ದ. ಅದರ ಎರಾಂಗೆಲ್ ಅನ್ನೋ ಮ್ಯಾಪು 8 ಕಿಲೋಮೀಟರ್ ಉದ್ದ, 8 ಕಿಲೋಮೀಟರ್ ಅಗಲ. ನಮ್ಮ ದಾವಣಗೆರೆಯ ಪಿ.ಜೆ. ಬಡಾವಣೆಯಿಂದ ಹೊರಟು ಅಷ್ಟು ದೂರ ನಡೆದರೆ ಹರಿಹರದ ದಾರಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮುಂದೆ ಇರ್ತೀರಿ. ಅಷ್ಟು ಬಯಲು, ಗುಡ್ಡ, ಗದ್ದೆ, ಹೊಳೆ ಎಲ್ಲಾ ಒಂದು ಮೊಬೈಲಿನೊಳಗೆ.

"ಇರಲಪ್ಪಾ, ಗುಂಡು ಹೊಡೆಯೋದ್ರಾಗ ಕಲಿಯೋದು ಏನೈತಿ?" ಅಂತೀರಿ. ನೀವು ಕೇಳ್ತೀರಿ ಅಂತ ಗೊತ್ತಿತ್ತು. ಅದಕ್ಕೆ ಉತ್ತರ ಹೇಳಬೇಕು ಅಂದ್ರೆ ನಮ್ಮ ಕಾಲದ ಆಟದ ಕಥೆ ಹೇಳಬೇಕು.

ಪ್ರಾಜೆಕ್ಟ್ ಐಜಿಐ ಅಂತ ಅದರ ಹೆಸರು. 2000ದ ಕೊನೆಗೆ ಬಂದದ್ದು. ನಾರ್ವೆಯ ಇನ್ನರ್‌ಲೂಪ್ ಅನ್ನೋ ಸಣ್ಣ ಕಂಪನಿ ಮಾಡಿದ್ದು, ಐಡಾಸ್ ಅನ್ನೋರು ಮಾರಿದ್ದು. ಆಗ ನಮ್ಮೂರಲ್ಲಿ ಸೈಬರ್ ಕೆಫೆಗಳು ಒಂದೊಂದೇ ಹುಟ್ಟುತ್ತಿದ್ದವು. ಇಮೇಲ್ ಕಳಿಸೋಕೆ, ರಿಸಲ್ಟ್ ನೋಡೋಕೆ ಜನ ಬರೋರು. ಸಂಜೆ ಆಯ್ತು ಅಂದ್ರೆ ಬಿಐಇಟಿ, ಯುಬಿಡಿಟಿ ಕಾಲೇಜು ಹುಡುಗರ ದಂಡು ಇದೊಂದು ಆಟಕ್ಕಾಗಿ ಬರೋದು. ಎಂಜಿನಿಯರಿಂಗ್ ಓದಿದ ಆ ಪೀಳಿಗೆಯಲ್ಲಿ ಯಾರನ್ನಾದರೂ ನಿಲ್ಲಿಸಿ ಐಜಿಐ ಅಂತ ಹೇಳಿ ನೋಡ್ರಿ, ಮುಖ ಅರಳುತ್ತೆ.

ಆಟ ಏನು ಅಂದ್ರೆ, ಜೋನ್ಸ್ ಅನ್ನೋ ಒಬ್ಬನೇ ಒಬ್ಬ ಶತ್ರುಗಳ ನೆಲೆಗೆ ನುಗ್ಗಬೇಕು. ಒಟ್ಟು 14 ಮಿಷನ್. ಆನ್ಯಾ ಅನ್ನೋ ಹೆಣ್ಣುಮಗಳ ದನಿ ಕಿವಿಯಲ್ಲಿ ಏನು ಮಾಡಬೇಕು ಅಂತ ಹೇಳ್ತಿರುತ್ತೆ. ಮಿಕ್ಕಿದ್ದೆಲ್ಲ ನೀವೇ ನೋಡಿಕೊಳ್ಳಬೇಕು. ಅದಕ್ಕೂ ಮೊದಲಿನ ಡೂಮ್‌ನಂಥ ಆಟಗಳಲ್ಲಿ ಎಲ್ಲಾ ಗೋಡೆ, ಓಣಿ, ಬಾಗಿಲು. ಎದುರಿಗೆ ಬಂದವನನ್ನು ಹೊಡಿ, ಮುಂದಿನ ಬಾಗಿಲು ತೆಗಿ, ಅಷ್ಟೇ. ಇದು ಹಾಗಲ್ಲ. ಇನ್ನರ್‌ಲೂಪ್‌ನವರು ಅದಕ್ಕೂ ಮೊದಲು ಯುದ್ಧವಿಮಾನ ಹಾರಿಸೋ ಆಟ ಮಾಡಿದ್ದವರು. ಆಕಾಶದಿಂದ ಕಾಣೋ ಮೈಲಿಗಟ್ಟಲೆ ನೆಲವನ್ನು ಕಂಪ್ಯೂಟರಿನಲ್ಲಿ ಬಿಡಿಸೋ ವಿದ್ಯೆ ಅವರ ಕೈಯಲ್ಲಿತ್ತು. ಅದೇ ನೆಲದ ಮೇಲೆ ಈ ಸಲ ಮನುಷ್ಯನನ್ನು ಇಳಿಸಿದರು. ಹಾಗಾಗಿ ಗುಡ್ಡದ ಮೇಲೆ ನಿಂತರೆ ಕೆಳಗಿನ ನೆಲೆ ಪೂರ್ತಿ ಕಾಣೋದು: ಮುಳ್ಳುತಂತಿ, ಕಾವಲು ಗೋಪುರ, ತಿರುಗೋ ಕ್ಯಾಮೆರಾ, ಬ್ಯಾರಕ್ಕು.

ನೀವು ಬಯಲಲ್ಲಿ ಇದ್ದೀರಿ ಅಂದ ಮೇಲೆ ಕಾವಲಿನವರಿಗೂ ನೀವು ಕಾಣ್ತೀರಿ. ಕಷ್ಟ ಇರೋದು ಅಲ್ಲೇ. ಎಲ್ಲೋ ದೂರದ ಗೋಪುರದಲ್ಲಿ ನಿಂತವನು ಗುರಿ ಇಟ್ಟರೆ ಎರಡು ಮೂರು ಗುಂಡಿಗೆ ಆಟ ಮುಗೀತು. ಗಾಯ ತಾನಾಗಿ ಮಾಯೋದಿಲ್ಲ, ಎಲ್ಲಾದರೂ ಔಷಧದ ಸಿರಿಂಜು ಸಿಕ್ಕರೆ ಪುಣ್ಯ. ಕ್ಯಾಮೆರಾ ಕಣ್ಣಿಗೆ ಬಿದ್ದರೆ ಸೈರನ್ನು ಕೂಗುತ್ತೆ, ಬ್ಯಾರಕ್ಕಿನಿಂದ ಸೈನಿಕರು ಬರ್ತಾನೇ ಇರ್ತಾರೆ.

ಎಲ್ಲಕ್ಕಿಂತ ದೊಡ್ಡದು ಇನ್ನೊಂದು: ಮಿಷನ್ ಮಧ್ಯದಲ್ಲಿ, ಅಲ್ಲಿವರೆಗೆ ಆಡಿದ್ದನ್ನು ಸೇವ್ ಮಾಡೋ ಹಾಗೇ ಇರಲಿಲ್ಲ. ಮುಕ್ಕಾಲು ಗಂಟೆ ತೆವಳಿಕೊಂಡು, ಒಬ್ಬೊಬ್ಬರನ್ನೇ ತಪ್ಪಿಸಿಕೊಂಡು, ಕೊನೆಯ ಗೇಟಿನ ಹತ್ರ ಸತ್ತರೆ ಮತ್ತೆ ಮೊದಲಿಂದ.

ಅದರ ಜೊತೆಗೆ ನಮ್ಮ ಕರೆಂಟು! ಆ ಮೂರು ನಾಲ್ಕು ವರ್ಷ ಮಳೆ ಕೈಕೊಟ್ಟಿದ್ದು ನಿಮಗೂ ನೆನಪಿದೆಯಲ್ಲ. ಸಂಜೆ ಹೊತ್ತಿಗೆ ಸರಿಯಾಗಿ ಲೋಡ್‌ಶೆಡ್ಡಿಂಗ್. ಯುಪಿಎಸ್ ಕುಯ್ ಕುಯ್ ಅನ್ನೋಕೆ ಶುರು ಮಾಡಿದರೆ ಇಡೀ ಕೆಫೆ ಉಸಿರು ಬಿಗಿ ಹಿಡಿಯೋದು. ಆಡೋನು ಒಬ್ಬ, ಹಿಂದೆ ನಿಂತವರು ಐದಾರು ಜನ. "ಎಡಕ್ಕ ಟವರ್‌ನಾಗ ಒಬ್ಬ ಅದಾನ ನೋಡಲೇ." "ಓಡಬ್ಯಾಡ, ಬಗ್ಗು, ಬಗ್ಗು." "ಮೊದಲು ಆ ಮನಿಯೊಳಗ ಹೋಗಿ ಕ್ಯಾಮೆರಾ ಬಂದ್ ಮಾಡು." ಗಂಟೆಗೆ ಇಷ್ಟು ಅಂತ ದುಡ್ಡು ಕೊಟ್ಟವನು ಒಬ್ಬನೇ ಆದರೂ ಮಿಷನ್ ಎಲ್ಲರದೂ ಆಗಿತ್ತು.

ನನಗೆ ಆ ಆಟದಲ್ಲಿ ಇವತ್ತಿಗೂ ಪ್ರೀತಿ ಇರೋದು ಇದಕ್ಕೇ. ಆಟ ಸೇವ್ ಮಾಡಲ್ಲ ಅಂದ ಮೇಲೆ ಹುಡುಗರೇ ನೆನಪಿಟ್ಟುಕೊಳ್ಳಬೇಕಾಯ್ತು. ಯಾವ ಕಾವಲುಗಾರ ಎಲ್ಲಿಂದ ಎಲ್ಲಿಗೆ ನಡೀತಾನೆ, ಯಾವಾಗ ಬೆನ್ನು ತಿರುಗಿಸ್ತಾನೆ, ಯಾವ ಏಣಿ ಹತ್ತಿದರೆ ಯಾರ ಕಣ್ಣಿಗೆ ಬೀಳ್ತೀವಿ, ಎಲ್ಲಾ ಬಾಯಿಪಾಠ. ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗೇಟು, ಗೋಪುರ, ಬೇಲಿ ಗುರುತು ಹಾಕಿದ ನಕ್ಷೆ ಇರ್ತಿತ್ತು. ಹರಿಹರದಿಂದ ದಿನಾ ಓಡಾಡೋ ಹುಡುಗರು ಬಸ್ಸಿನಲ್ಲಿ ಅದರ ಮೇಲೇ ಮಾತಾಡ್ತಾ ಹೋಗೋರು. ಇಲ್ಲಿ ಕಲಿತ ದಾರಿ ಮರುದಿನಕ್ಕೆ ಹರಿಹರದ ಕೆಫೆಗೆ ಮುಟ್ಟೋದು, ಅಲ್ಲಿ ಯಾರೋ ಕಂಡುಹಿಡಿದ ಒಳದಾರಿ ಇಲ್ಲಿಗೆ ಬರೋದು.

ಕೊಂಡಜ್ಜಿ ಬೆಟ್ಟಕ್ಕೆ ಸ್ಕೌಟ್ ಹುಡುಗರನ್ನು ಕರ್ಕೊಂಡು ಹೋಗ್ತಿದ್ರಲ್ಲ ನೀವು? ಅಲ್ಲಿ ಏನು ಕಲಿಸ್ತಿದ್ರಿ? ಮೇಲಿಂದ ಕೆರೆ, ಹೊಲ, ಕಾಲುದಾರಿ ನೋಡಿಕೊಂಡು ಗುರುತು ಹೇಳೋದು, ತಟ್ಟೆಯಲ್ಲಿ ಸಾಮಾನು ಇಟ್ಟು ಒಂದು ನಿಮಿಷ ತೋರಿಸಿ ಮುಚ್ಚಿ ಏನೇನಿತ್ತು ಅಂತ ಕೇಳೋದು, ಸದ್ದಿಲ್ಲದೆ ನಡೆದು ಹತ್ತಿರ ಹೋಗೋದು. ಸ್ಕೌಟ್ ಶುರು ಮಾಡಿದ ಬೇಡನ್ ಪೊವೆಲ್ 1908ರಲ್ಲೇ ಇದನ್ನೆಲ್ಲ ಪುಸ್ತಕ ಮಾಡಿಟ್ಟ. ಐಜಿಐ ಕೇಳಿದ್ದೂ ಅದನ್ನೇ. ದುರ್ಬೀನು ಹಿಡಿದು ಮೊದಲು ನೋಡು, ಉಪಗ್ರಹದ ಚಿತ್ರ ತೆಗೆದು ಕಾವಲಿನವರನ್ನು ಎಣಿಸು, ದಾರಿ ಆರಿಸು. ಬಂದೂಕಿಗೆ ಕೆಲಸ ಬರೋದು ಕಟ್ಟಕಡೆಗೆ. ಗುಂಡು ಹಾರಿಸಿದರೆ ಸದ್ದಾಗುತ್ತೆ, ಸದ್ದಾದರೆ ಎಲ್ಲರೂ ಬರ್ತಾರೆ. ಕಡಿಮೆ ಗುಂಡು ಹಾರಿಸಿದವನೇ ಮುಂದೆ ಹೋಗ್ತಿದ್ದ.

ದೋಷ ಇರಲಿಲ್ಲ ಅಂತಲ್ಲ. ಈಗಷ್ಟೇ ಖಾಲಿ ಮಾಡಿ ಬಂದ ಕೋಣೆಯಿಂದಲೇ ಸೈನಿಕರು ಮತ್ತೆ ಹೊರಗೆ ಬರೋದು ಅನ್ಯಾಯ. ಅದು ಕಷ್ಟ ಅಲ್ಲ, ಮೋಸ. ಕಾವಲುಗಾರರ ಬುದ್ಧಿಯೂ ಅಷ್ಟಕ್ಕಷ್ಟೆ. 2003ರಲ್ಲಿ ಎರಡನೇ ಭಾಗ ಬಂತು, ಅದರಲ್ಲಿ ಮಿಷನ್ ಒಂದಕ್ಕೆ ಲೆಕ್ಕದ ಕೆಲವು ಸೇವ್ ಕೊಟ್ಟರು. ನನ್ನ ಮಟ್ಟಿಗೆ ಅಲ್ಲಿಗೆ ಬಿಗಿ ಸಡಿಲವಾಯ್ತು. 2004ರಲ್ಲಿ ಜರ್ಮನಿಯ ಕ್ರೈಟೆಕ್ ಕಂಪನಿಯವರ ಫಾರ್ ಕ್ರೈ ಬಂತು. ಸಮುದ್ರ, ತೆಂಗು, ಪೊದೆ, ಕಣ್ಣಿಗೆ ಹಬ್ಬ. ಅದರಲ್ಲೂ ಬೇಕಾದಲ್ಲಿ ಸೇವ್ ಇಲ್ಲ, ಆಟವೇ ಗೊತ್ತುಮಾಡಿದ ಜಾಗಗಳಲ್ಲಿ ಮಾತ್ರ. ಪೊದೆಯಲ್ಲಿ ಅಡಗಿ ಕೂತು ಕಾಯೋ ತಾಳ್ಮೆ ಅದಕ್ಕೂ ಬೇಕಿತ್ತು.

ಈಗ ನಿಮ್ಮ ಮೊಮ್ಮಗನ ಆಟಕ್ಕೆ ಬರ್ತೀನಿ. ಅದರಲ್ಲೂ ಬಯಲಿದೆ, ಅಡಗೋದಿದೆ, ಸತ್ತರೆ ಮೊದಲಿಂದ ಅನ್ನೋದಿದೆ. ಎದುರಿಗೆ ಕಂಪ್ಯೂಟರ್ ಆಡಿಸೋರಷ್ಟೇ ಅಲ್ಲ, ನಿಜವಾದ ಮನುಷ್ಯರೂ ಇರ್ತಾರೆ. ಅಲ್ಲಿಯವರೆಗೆ ಐಜಿಐಗಿಂತ ಒಂದು ಕೈ ಮೇಲೆ. ಆದರೆ ಅದರಲ್ಲಿ ಒಂದು ವರ್ತುಲ ಇದೆ, ಹೊತ್ತು ಹೋದಂತೆ ಅದು ಕಿರಿದಾಗ್ತಾ ಹೋಗುತ್ತೆ, ಹೊರಗೆ ಉಳಿದವನ ಜೀವ ಸೋರುತ್ತೆ. ಅದಕ್ಕೇ ಹುಡುಗರು ಕೂತು ನೋಡೋದಿಲ್ಲ, ಓಡ್ತಾರೆ. ಇಪ್ಪತ್ತೈದು ಮೂವತ್ತು ನಿಮಿಷಕ್ಕೆ ಒಂದು ಆಟ ಮುಗಿದು ಇನ್ನೊಂದು ಶುರು. ಸೋತದ್ದು ಯಾಕೆ ಅಂತ ಯೋಚನೆ ಮಾಡೋಕೂ ಬಿಡುವಿಲ್ಲ. ನನಗೆ ಸೇರದೇ ಇರೋದು ಅದೊಂದೇ.

ಮತ್ತೆ ನೀವು ಹೆದರಿದ್ದು ದುಡ್ಡಿನ ಆಟಕ್ಕೆ ಅಲ್ವೇ? ಅದು ಬೇರೆಯೇ ಜಾತಿ. ಪಣ ಕಟ್ಟಿ ಆಡಿಸೋ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ನಿಷೇಧಿಸಿತು, ಪಣವಿಲ್ಲದೆ ಪಂದ್ಯದ ಹಾಗೆ ಆಡೋ ಇ-ಸ್ಪೋರ್ಟ್ಸ್ ಅನ್ನು ಅದರಿಂದ ಬೇರೆ ಮಾಡಿ ಇಟ್ಟಿತು. ಎರಡನ್ನೂ ಒಂದೇ ಕೋಲಿನಲ್ಲಿ ಹೊಡೀಬೇಡ್ರಿ. ಹುಡುಗ ಬಟ್ಟೆ, ಬಂದೂಕಿನ ಬಣ್ಣ ಅಂತ ಆಟದೊಳಗೆ ಏನಾದರೂ ಕೊಳ್ತಿದ್ದಾನಾ, ಅದನ್ನು ಮಾತ್ರ ವಿಚಾರಿಸ್ರಿ.

ಭಾನುವಾರ ಅವನನ್ನು ನಮ್ಮನೆಗೆ ಕಳಿಸ್ರಿ. ಐಜಿಐ ಈಗಲೂ ಹುಡುಕಿದರೆ ಸಿಗುತ್ತೆ. ನೀವೂ ಬರ್ರಿ. ಅವನ ಹಿಂದೆ ಕುರ್ಚಿ ಹಾಕ್ಕೊಂಡು ಕೂತು, ಎಡಗಡೆ ಗೋಪುರದಲ್ಲಿ ಒಬ್ಬ ಇದಾನೆ ಅಂತ ಹೇಳ್ರಿ. ಬಯ್ಯೋದು ಬಿಟ್ಟು ಒಂದು ಮಿಷನ್ ಅವನ ಜೊತೆ ನೋಡಿದ ಮೇಲೆ, ಎಷ್ಟು ಹೊತ್ತು ಆಡಬೇಕು ಅಂತ ನೀವು ಹೇಳಿದ ಮಾತು ಅವನು ಕೇಳ್ತಾನೆ.